ಕೀ ಬೋರ್ಡ್ ನೋಡಿ ರೇಟು ಕೇಳಿ: ಹುಬ್ಬಳ್ಳಿ-ಧಾರವಾಡದಲ್ಲಿ ಕಡಿಮೆ ದುಡ್ಡಿಗೆ ರೂಮು ಹಿಡಿಯೋದು

ನಾನು ಗದಗ-ಬೆಟಗೇರಿಯವನು. ಹುಬ್ಬಳ್ಳಿ ಸ್ಟೇಷನ್ ರಸ್ತೆಯ ಆಜುಬಾಜು ಒಂದು ಲಾಡ್ಜಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದೆ. ಮೊದಲ ಎರಡು ವರ್ಷ ರೂಮ್ ಬಾಯ್, ಆಮೇಲೆ ರಾತ್ರಿ ಪಾಳಿಯ ಕೌಂಟರ್. ಈಗ ಪಂಪ್‌ಸೆಟ್ಟಿನ ಬಿಡಿಭಾಗ ಮಾರುತ್ತೇನೆ. ತಿಂಗಳಿಗೆ ಹತ್ತು ಹನ್ನೆರಡು ರಾತ್ರಿ ಹುಬ್ಬಳ್ಳಿ, ಧಾರವಾಡ, ಹಾವೇರಿ, ಬ್ಯಾಡಗಿ ಅಂತ ಲಾಡ್ಜುಗಳಲ್ಲೇ ಕಳೆಯುತ್ತದೆ. ಅಂದರೆ ಒಂದು ಕಾಲಕ್ಕೆ ರೇಟು ಹೇಳುತ್ತಿದ್ದವನು ಈಗ ರೇಟು ಕೇಳುವವನಾಗಿದ್ದೇನೆ. ನಮ್ಮ ಅಕ್ಕ, ಭಾವ, ಅವರ ಬೀಗರು, ಬೀಗರ ಬೀಗರು ಎಲ್ಲರೂ ಹುಬ್ಬಳ್ಳಿಗೆ ಹೊರಟರೆ ನನಗೇ ಫೋನು. ಎಲ್ಲರಿಗೂ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಕೌಂಟರಿನ ಆ ಕಡೆ ಏನು ನಡೆಯುತ್ತೆ ಅಂತ ಹೇಳುತ್ತೇನೆ. ನಮ್ಮ ಲಾಡ್ಜಿನಲ್ಲಿ 28 ರೂಮು. ಗೋಡೆ ಮೇಲಿನ ಬೋರ್ಡಿನಲ್ಲಿ ಡಬಲ್ ರೂಮಿಗೆ 1,200 ಅಂತ ಬರೆದಿತ್ತು. ಆದರೆ ನಿಜವಾದ ರೇಟು ಇದ್ದದ್ದು ರಿಜಿಸ್ಟರಿನ ರಟ್ಟಿನ ಒಳಭಾಗದಲ್ಲಿ. ಮಾಲೀಕರು ಪೆನ್ಸಿಲಿನಲ್ಲಿ ಮೂರು ಅಂಕಿ ಬರೆದಿಡುತ್ತಿದ್ದರು: 1,000, 900, 800. ಹಗಲಿನಲ್ಲಿ ಗಿರಾಕಿ ಚೌಕಾಸಿ ಮಾಡಿದರೆ 1,000ದವರೆಗೆ ಇಳಿಯಬಹುದು. ಎರಡು ದಿನಕ್ಕಿಂತ ಜಾಸ್ತಿ ಇರುವವರಿಗೆ 900. ರಾತ್ರಿ ಒಂಬತ್ತೂವರೆ ದಾಟಿದ ಮೇಲೆ 800. ಅದಕ್ಕಿಂತ ಕಡಿಮೆ ಕೊಡಬೇಕಾದರೆ ಮಾಲೀಕರಿಗೆ ಫೋನ್ ಮಾಡಿ ಕೇಳಬೇಕು. ರಾತ್ರಿ ಹನ್ನೊಂದಕ್ಕೆ ಮಾಲೀಕರನ್ನು ಎಬ್ಬಿಸಿ ನೂರು ರೂಪಾಯಿ ವಿಷಯ ಮಾತಾಡೋ ಧೈರ್ಯ ಯಾವ ಮ್ಯಾನೇಜರಿಗೂ ಇರಲ್ಲ. ಹಾಗಾಗಿ 800 ಅಂದರೆ ಅದೇ ಕೊನೆ. ಆಮೇಲೆ ಎಷ್ಟು ಜಗ್ಗಿದರೂ ಬಾಯಿ ನೋವು ಅಷ್ಟೇ.

ಸಂಜೆ ಉಳಿದ ಬಾಳೆಹಣ್ಣನ್ನು ಮರುದಿನ ಅರ್ಧ ರೇಟಿಗಾದರೂ ಮಾರಬಹುದು. ಖಾಲಿ ಉಳಿದ ರೂಮಿನ ನಿನ್ನೆ ರಾತ್ರಿಯನ್ನು ಯಾರಿಗೆ ಮಾರೋದು? ಇದು ಕೌಂಟರಿನಲ್ಲಿ ಕೂತವನಿಗೆ ಚೆನ್ನಾಗಿ ಗೊತ್ತು. ನೀವು ಕೇಳುವ ಹೊತ್ತಿಗೆ ಅವನ ಬಳಿ ಎಷ್ಟು ರೂಮು ಖಾಲಿ ಇವೆ ಅನ್ನೋದರ ಮೇಲೆ ರೇಟು ನಿಂತಿರುತ್ತದೆ. ಅದನ್ನು ತಿಳಿಯೋದು ಹೇಗೆ? ಅವನ ತಲೆ ಹಿಂದೆ ನೋಡಿ. ಸಣ್ಣ ಲಾಡ್ಜುಗಳಲ್ಲಿ ಇನ್ನೂ ಕೀ ಬೋರ್ಡ್ ಇದೆ. ಮರದ ಹಲಗೆ, ಸಾಲಾಗಿ ಮೊಳೆ, ಮೊಳೆಗೊಂದು ಕೀಲಿ, ಕೀಲಿಗೊಂದು ದಪ್ಪ ಪ್ಲಾಸ್ಟಿಕ್ ಬಿಲ್ಲೆ. ಎಷ್ಟು ಕೀಲಿ ನೇತಾಡುತ್ತಿವೆ ಎಣಿಸಿ. ಆದರೆ ಸಂಜೆ ಆರಕ್ಕೆ ಎಣಿಸಿದರೆ ಮೋಸ ಹೋಗುತ್ತೀರಿ. ಆಗ ರೂಮು ಹಿಡಿದವರೂ ಕೀಲಿ ಕೊಟ್ಟು ಪೇಟೆಗೆ, ಊಟಕ್ಕೆ ಹೋಗಿರುತ್ತಾರೆ. ರಾತ್ರಿ ಹತ್ತರ ಮೇಲೆ ನೇತಾಡುವ ಕೀಲಿ ಹೆಚ್ಚುಕಡಿಮೆ ಖಾಲಿ ರೂಮಿನದ್ದೇ. ಹತ್ತು ಕೀಲಿ ಕಂಡರೆ ಧೈರ್ಯವಾಗಿ ಚೌಕಾಸಿ ಮಾಡಿ. ಎರಡೇ ಕಂಡರೆ ಸುಮ್ನೆ ಹೇಳಿದಷ್ಟು ಕೊಟ್ಟು ಮಲಗಿ. ಕಾರ್ಡ್ ಬೀಗದ ಹೋಟೆಲುಗಳಲ್ಲಿ ಈ ಉಪಾಯ ನಡೆಯಲ್ಲ, ಅಲ್ಲಿ ಪಾರ್ಕಿಂಗ್ ನೋಡಿ ಅಂದಾಜು ಮಾಡಬೇಕು.

ಹಾಗಂತ ಎಲ್ಲರೂ ರಾತ್ರಿ ಹತ್ತರವರೆಗೆ ಬೀದಿಯಲ್ಲಿ ಕಾಯಿರಿ ಅಂತ ನಾನು ಹೇಳಲ್ಲ. ಹೆಂಗಸರು, ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಈ ಆಟ ಬೇಡ. ಒಬ್ಬರೇ ಗಂಡಸರು, ಹೆಗಲಿಗೊಂದು ಚೀಲ, ಹಬ್ಬ-ಮದುವೆ ಹಂಗಾಮು ಅಲ್ಲ ಅಂದರೆ ಮಾತ್ರ.

ಹಂಗಾಮಿನ ವಿಷಯ ಮುಖ್ಯ. ನಮ್ಮ ಕಡೆ ರೂಮಿನ ರೇಟು ಇಂಗ್ಲಿಷ್ ಕ್ಯಾಲೆಂಡರ್ ನೋಡಿ ಏರಲ್ಲ, ಪಂಚಾಂಗ ನೋಡಿ ಏರುತ್ತದೆ. ಮದುವೆ ಮುಹೂರ್ತ ಇದ್ದರೆ ಕಲ್ಯಾಣ ಮಂಟಪದವರು ಸುತ್ತಲಿನ ಲಾಡ್ಜುಗಳಲ್ಲಿ ಹತ್ತು ಹದಿನೈದು ರೂಮು ಒಟ್ಟಿಗೇ ಹಿಡಿಯುತ್ತಾರೆ. ವೈಶಾಖದಲ್ಲಿ ಹುಬ್ಬಳ್ಳಿಗೆ ಬಂದು ಚೌಕಾಸಿ ಮಾಡ್ತೀನಿ ಅಂದರೆ ಮ್ಯಾನೇಜರ್ ನಿಮ್ಮ ಮುಖವನ್ನೂ ನೋಡಲ್ಲ. ಆಷಾಢ, ಪಿತೃಪಕ್ಷ, ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗಿನ ಧನುರ್ಮಾಸ, ಈ ಮೂರು ನಮ್ಮ ಲಾಡ್ಜಿಗೆ ಉಪವಾಸದ ದಿನಗಳು. ಆಷಾಢದ ಮಳೆಯಲ್ಲಿ ಒಂದು ರಾತ್ರಿ 28ರಲ್ಲಿ ಐದೇ ರೂಮು ಹೋಗಿತ್ತು. ಅವತ್ತು ಬಂದವರಿಗೆ ನಾನು ರೇಟಿನ ಜೊತೆ ಚಹಾ ಕೂಡ ಕೊಟ್ಟಿದ್ದೆ.

ಪಂಚಾಂಗದಲ್ಲಿ ಇಲ್ಲದ ಹಂಗಾಮುಗಳೂ ಇವೆ. ಧಾರವಾಡದಲ್ಲಿ ಸೆಪ್ಟೆಂಬರಿನ ಕೃಷಿ ಮೇಳ. ಆಗ ಕೃಷಿ ವಿಶ್ವವಿದ್ಯಾಲಯಕ್ಕೆ ಬರುವ ಜನಕ್ಕೆ ಧಾರವಾಡ ಸಾಲದೆ ಹುಬ್ಬಳ್ಳಿಯೂ ತುಂಬುತ್ತದೆ. ಹೈಕೋರ್ಟ್ ಪೀಠ ಇರುವುದರಿಂದ ವಾರದ ನಡುವೆ ಕಕ್ಷಿದಾರರು ಬರುತ್ತಾರೆ, ಶುಕ್ರವಾರ ಸಂಜೆ ಖಾಲಿ ಮಾಡುತ್ತಾರೆ. ಹಾಗಾಗಿ ಧಾರವಾಡದಲ್ಲಿ ಶುಕ್ರವಾರ, ಶನಿವಾರ ಕೇಳಿದರೆ ಮಾತು ಮೆತ್ತಗಿರುತ್ತದೆ. ಆದರೆ ಭಾನುವಾರ ಸ್ಪರ್ಧಾತ್ಮಕ ಪರೀಕ್ಷೆ ಇದ್ದರೆ ಲೆಕ್ಕ ಪೂರ್ತಿ ತಲೆಕೆಳಗು. ಶನಿವಾರ ಸಂಜೆ ಹಾಲ್ ಟಿಕೆಟ್ ಹಿಡಿದ ಹುಡುಗರು ಹುಡುಗಿಯರು, ಜೊತೆಗೊಬ್ಬ ಅಪ್ಪ ಅಥವಾ ಅಣ್ಣ. ಹುಬ್ಬಳ್ಳಿಯಲ್ಲಿ ಶಿವರಾತ್ರಿಗೆ ಸಿದ್ಧಾರೂಢ ಅಜ್ಜನ ಜಾತ್ರೆ. ಬ್ಯಾಡಗಿಗೆ ಜನವರಿಯಿಂದ ಮಾರ್ಚ್‌ವರೆಗೆ ಮೆಣಸಿನಕಾಯಿ ಹಂಗಾಮು. ಸೋಮವಾರ, ಗುರುವಾರ ಅಲ್ಲಿ ಮಾರುಕಟ್ಟೆ. ಹಿಂದಿನ ರಾತ್ರಿ ರೂಮು ಸಿಕ್ಕರೂ ಘಾಟಿಗೆ ಸೀನುತ್ತಲೇ ಮಲಗಬೇಕು. ಆ ದಿನಗಳಲ್ಲಿ ನಾನು ಹಾವೇರಿಯಲ್ಲಿ ಉಳಿದು ಬೆಳಿಗ್ಗೆ ಬ್ಯಾಡಗಿಗೆ ಹೋಗುತ್ತೇನೆ.

ಅಂದ ಹಾಗೆ, ಹುಬ್ಬಳ್ಳಿ ತುಂಬಿದ್ದರೆ ಧಾರವಾಡ, ಧಾರವಾಡ ತುಂಬಿದ್ದರೆ ಹುಬ್ಬಳ್ಳಿ. ನಡುವೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ ಬಂದ ಮೇಲೆ ಇದು ತ್ರಾಸಿನ ವಿಷಯವೇ ಅಲ್ಲ. ಕೆಲಸ ನಡುದಾರಿಯ ನವನಗರದ ಕಡೆ ಇದ್ದರಂತೂ ಎರಡೂ ಊರಲ್ಲಿ ರೇಟು ಕೇಳಿ ಕಡಿಮೆ ಇದ್ದ ಕಡೆ ಹೋಗಿ.

ಈಗ ಕೌಂಟರಿಗೆ ಹೋಗೋಣ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಟೋದಲ್ಲಿ ಹೋದರೆ ಲಾಡ್ಜಿನ ಮುಂದೆ ಇಳಿಯಬೇಡಿ. ನಮ್ಮ ರಿಜಿಸ್ಟರಿನ ಹಿಂದಿನ ಪುಟದಲ್ಲಿ ಆಟೋ ನಂಬರುಗಳ ಪಟ್ಟಿ ಇರುತ್ತಿತ್ತು. ಗಿರಾಕಿ ಕರೆತಂದ ಆಟೋದವರಿಗೆ ನೂರು ರೂಪಾಯಿ. ಆ ನೂರು ಯಾರ ಜೇಬಿನಿಂದ ಬರುತ್ತೆ ಅಂತ ಬಿಡಿಸಿ ಹೇಳಬೇಕಾ? ಹಳೇ ಬಸ್ ಸ್ಟ್ಯಾಂಡ್, ಸ್ಟೇಷನ್ ರಸ್ತೆ, ಲ್ಯಾಮಿಂಗ್ಟನ್ ರಸ್ತೆ, ಕೊಪ್ಪಿಕರ್ ರಸ್ತೆ ಇವೆಲ್ಲ ಒಂದಕ್ಕೊಂದು ನಡೆಯುವಷ್ಟು ದೂರ. ಚೆನ್ನಮ್ಮ ಸರ್ಕಲ್ ಹತ್ತಿರ ಇಳಿದು ನಡೆದು ಹೋಗಿ. ಮುಖ್ಯ ರಸ್ತೆಗೆ ಮುಖ ಮಾಡಿದ ಲಾಡ್ಜಿಗಿಂತ ಅಡ್ಡ ಓಣಿಯಲ್ಲಿ ಎರಡು ಕಟ್ಟಡ ಒಳಗಿರುವುದು ಅಗ್ಗ. ಗದ್ದಲವೂ ಕಡಿಮೆ.

ಚೌಕಾಸಿ ಮಾಡೋದರಲ್ಲಿ ಜನ ಎಡವೋದು ಮೊದಲ ಮಾತಿನಲ್ಲೇ. ‘ಬಾಜೂ ಲಾಡ್ಜಿನ್ಯಾಗ 600ಕ್ಕ ಕೊಡ್ತಾರ’ ಅಂದರೆ ನಾನು ಕಣ್ಣೆತ್ತದೆ ‘ಹಂಗಾರ ಅಲ್ಲೇ ಹೋಗ್ರೆಲಾ’ ಅಂದುಬಿಡುತ್ತಿದ್ದೆ. ಬಾಜೂ ಲಾಡ್ಜಿನ ರೇಟು ನನಗೂ ಗೊತ್ತು ತಾನೆ! ‘ನಾನು ಇಂಥವರ ಪೈಕಿ’ ಅನ್ನೋದು ಇನ್ನೂ ಕೆಟ್ಟದ್ದು.

ನನ್ನನ್ನು ಸೋಲಿಸಿದ ಒಬ್ಬ ಗಿರಾಕಿ ಇದ್ದರು. ರಾಣೆಬೆನ್ನೂರಿನ ಬೀಜದ ವ್ಯಾಪಾರಿ, ಅರವತ್ತರ ಆಸುಪಾಸು, ಬಿಳಿ ಟೋಪಿ. ಬಂದವರು ಮೊದಲು ರೇಟೇ ಕೇಳಲಿಲ್ಲ. ಚೀಲ ಕೆಳಗಿಟ್ಟು, ಕುರ್ಚಿಯಲ್ಲಿ ಕೂತು, ನೀರು ಕೇಳಿ ಕುಡಿದರು.

‘ಯಾವೂರಪಾ ತಮ್ಮಾ?’

‘ಬೆಟಗೇರಿರೀ ಕಾಕಾ.’

‘ಛಲೋ ಆತು. ತಿಂಗಳಿಗೆ ಎರಡ ಸಲ ಬರಾಂವ ನಾನು. ಬಂದ್ರ ಎರಡ ರಾತ್ರಿ ಇರ್ತೀನಿ. ಟಿವಿ ಬ್ಯಾಡ, ಎಸಿ ಬ್ಯಾಡ, ಮ್ಯಾಲಿನ ಮಾಳಿಗಿ ಆದ್ರೂ ನಡೀತೈತಿ. ಮುಂಜಾನೆ ಬಿಸಿನೀರು ಬೇಕು, ನಾಕ್ ತಾಸು ನಿದ್ದಿ ಬೇಕು. ರೊಕ್ಕ ಈಗ ಎಣಸ್ತೀನಿ. ಎಷ್ಟ್ ತಗೋತಿ ಹೇಳು.’

ಅಂಕಿ ಹೇಳುವ ಕೆಲಸವನ್ನು ನನಗೇ ಬಿಟ್ಟರು. ನಾನು 900 ಅಂದೆ. ಅವರು ಎದ್ದು ಹೋಗಲಿಲ್ಲ, ಸಿಟ್ಟು ಮಾಡಲಿಲ್ಲ. ಜೇಬಿನಿಂದ ನೋಟು ತೆಗೆದು ಮೇಜಿನ ಮೇಲೆ ಒಂದೊಂದಾಗಿ ಇಟ್ಟರು. ಎರಡು ರಾತ್ರಿಗೆ 1,500. ‘ಮೂರನೇ ಮಾಳಿಗಿ ಹತ್ತೂದೈತಿ, ಮೊಣಕಾಲಿಗೂ ಒಂದೀಟ್ ಬಿಡು’ ಅಂದು ನಕ್ಕರು. ಕೊನೆಯ ಪೆನ್ಸಿಲ್ ಅಂಕಿಗಿಂತ ರಾತ್ರಿಗೆ ಐವತ್ತು ಕಡಿಮೆ. ಮಾಲೀಕರಿಗೆ ಫೋನ್ ಮಾಡಲಿಲ್ಲ, ಕೊಟ್ಟುಬಿಟ್ಟೆ. ಮುಂದೆ ನಾಲ್ಕು ವರ್ಷ ಅವರಿಗೆ ಅದೇ ರೇಟು. ಮಾಲೀಕರು ಒಮ್ಮೆ ಕೇಳಿದರು. ತಿಂಗಳಿಗೆ ನಾಲ್ಕು ರಾತ್ರಿ ತಪ್ಪದೆ ಬರುತ್ತಾರೆ ಅಂದೆ, ಸುಮ್ಮನಾದರು.

ಅವರು ಮಾಡಿದ್ದನ್ನು ಬಿಡಿಸಿ ನೋಡಿ. ಮೊದಲು ಮತ್ತೆ ಮತ್ತೆ ಬರುವವನು ಅಂತ ತಿಳಿಸಿದರು. ಆಮೇಲೆ ತಮಗೆ ಏನೇನು ಬೇಡ ಅಂತ ಹೇಳಿದರು. ಇದು ದೊಡ್ಡ ಉಪಾಯ. ಮೇಲಿನ ಮಹಡಿ, ಲಿಫ್ಟ್ ಇಲ್ಲದ ಕಡೆ, ಅಡುಗೆಮನೆ ಮೇಲಿನ ರೂಮು, ಜನರೇಟರ್ ಕಡೆ ಕಿಟಕಿ ಇರುವುದು. ಇಂಥ ರೂಮು ಎಲ್ಲ ಲಾಡ್ಜಿನಲ್ಲೂ ಎರಡು ಮೂರು ಇರುತ್ತವೆ. ಕೊನೆಗೆ ಹೋಗೋದೂ ಅವೇ. ‘ಯಾವ್ದರ ಹಿಂದಿನ ಖೋಲಿ ಇದ್ರ ಕೊಡ್ರಿ’ ಅಂತ ನೀವೇ ಕೇಳಿದರೆ ಮ್ಯಾನೇಜರಿಗೆ ಖುಷಿ. ಎಸಿ ರೂಮು ಖಾಲಿ ಇದ್ದರೆ ಅದನ್ನೇ ನಾನ್ ಎಸಿ ರೇಟಿಗೆ ಕೇಳಿ. ರಿಮೋಟ್ ಕೊಡಲ್ಲ, ಅಷ್ಟೇ. ಹಾಸಿಗೆ, ಬಾತ್‌ರೂಮ್ ಮಾತ್ರ ಎಸಿ ರೂಮಿನದ್ದೇ, ಅಲ್ವಾ? ಕೊನೆಗೆ, ದುಡ್ಡು ಕೈಯಲ್ಲಿ ತೋರಿಸಿದರು. ಈಗಿನ ಕಾಲದಲ್ಲಿ ಫೋನ್ ತೆಗೆದು ಸ್ಕ್ಯಾನರ್ ಕಡೆ ಹಿಡಿದು ‘ಈಗ ಹಾಕ್ಲಾ?’ ಅಂದರೂ ಅದೇ ಕೆಲಸ ಮಾಡುತ್ತದೆ.

ರೇಟು ಇಳಿಯಲೇ ಇಲ್ಲ ಅಂದುಕೊಳ್ಳಿ. ಆಗ ದುಡ್ಡು ಬಿಟ್ಟು ತಾಸು ಕೇಳಿ. ದುಡ್ಡು ಬಿಡಲು ಮಾಲೀಕರ ಅಪ್ಪಣೆ ಬೇಕು, ತಾಸು ಬಿಡೋದು ಮ್ಯಾನೇಜರ್ ಕೈಯಲ್ಲೇ ಇದೆ. ರೂಮು ಹಿಡಿಯುವ ಮೊದಲು ‘24 ತಾಸೋ, 12 ಗಂಟೆ ಚೆಕ್‌ಔಟೋ?’ ಅಂತ ಕೇಳೋದನ್ನು ಮರೆಯಲೇಬೇಡಿ. ಬೆಂಗಳೂರಿನ ರಾತ್ರಿ ಬಸ್ಸಿಗೆ ಬಂದು ಬೆಳಿಗ್ಗೆ ಐದೂವರೆಗೆ ಇಳಿದಿರಿ ಅನ್ನಿ. 24 ತಾಸಿನ ಲಾಡ್ಜಿನಲ್ಲಿ ಮರುದಿನ ಐದೂವರೆವರೆಗೆ ರೂಮು ನಿಮ್ಮದು. ಮಧ್ಯಾಹ್ನ 12ರ ಲೆಕ್ಕದ ಕಡೆ ಆರೂವರೆ ತಾಸಿಗೆ ಒಂದು ದಿನದ ದುಡ್ಡು. ಅದೇ ರಾತ್ರಿ ಹತ್ತಕ್ಕೆ ಬಂದು ಬೆಳಿಗ್ಗೆ ಒಂಬತ್ತಕ್ಕೆ ಹೋಗುವವರಿಗೆ ಎರಡೂ ಒಂದೇ. 12ರ ಲೆಕ್ಕದವರ ಬಳಿ ‘ನಸುಕಿನ್ಯಾಗ ಬರ್ತೀನಿ, ರಾತ್ರಿ ಖಾಲಿ ಉಳಿದ ಖೋಲಿ ಇದ್ರ ಆಗಿಂದಲೇ ಕೊಡ್ರಿ, ನಾಳೆಯಿಂದ ಲೆಕ್ಕ ಹಿಡೀರಿ’ ಅಂತ ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ಹಂಗಾಮು ಅಲ್ಲದಿದ್ದರೆ ಹತ್ತರಲ್ಲಿ ಆರು ಸಲ ನನಗೆ ಸಿಕ್ಕಿದೆ.

ಸ್ನಾನ ಮಾಡಿ ಅಂಗಿ ಬದಲಿಸಿದರೆ ಸಾಕು ಅನ್ನುವವರಿಗೆ ಪೂರ್ತಿ ರೂಮೇ ಬೇಡ. ‘ಫ್ರೆಶ್‌ಅಪ್’ ಅಂತ ಕೇಳಿ. ಸ್ಟೇಷನ್, ಬಸ್ ಸ್ಟ್ಯಾಂಡ್ ಹತ್ತಿರದ ಕೆಲವು ಲಾಡ್ಜುಗಳು ಎರಡು ಮೂರು ತಾಸಿಗೆ ರೂಮು ಕೊಡುತ್ತವೆ. ಇನ್ನೊಂದು ದಾರಿ ರೈಲ್ವೆಯ ರಿಟೈರಿಂಗ್ ರೂಮ್. ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ಅಂತ 2023ರಲ್ಲಿ ಉದ್ಘಾಟನೆಯಾದ 1,507 ಮೀಟರಿನ ಕಟ್ಟೆ ನೋಡಲು ಹುಬ್ಬಳ್ಳಿ ಸ್ಟೇಷನ್ನಿಗೆ ಬರುವವರಿಗೆ ಅಲ್ಲೇ ಮಲಗಲು ರೂಮೂ ಇದೆ ಅಂತ ಗೊತ್ತಿರಲ್ಲ. ಕನ್ಫರ್ಮ್ ಅಥವಾ ಆರ್‌ಎಸಿ ಟಿಕೆಟ್ ಇದ್ದರೆ ಅದರ ಪಿಎನ್‌ಆರ್ ಹಾಕಿ ಐಆರ್‌ಸಿಟಿಸಿಯಲ್ಲಿ ಬುಕ್ ಮಾಡಬಹುದು. ಬೇಗ ತುಂಬುತ್ತವೆ, ಟಿಕೆಟ್ ಮಾಡಿಸಿದ ದಿನವೇ ನೋಡಿ. ಭಕ್ತರಾಗಿ ಬರುವವರಿಗೆ ಹಳೇ ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲೂ ತಂಗಲು ರೂಮುಗಳಿವೆ, ಪ್ರಸಾದವೂ ಇದೆ. ಮಠವನ್ನು ಅಗ್ಗದ ಲಾಡ್ಜ್ ಅಂದುಕೊಂಡು ಹೋಗಬೇಡಿ, ಅಲ್ಲಿಯ ರೀತಿ-ನೀತಿ ಪಾಲಿಸಿ ಇರುವುದಾದರೆ ಹೋಗಿ. ಜಾತ್ರೆಯಲ್ಲಂತೂ ಕೇಳಲೇ ಬೇಡಿ.

ಆ್ಯಪ್ ವಿಷಯಕ್ಕೆ ಬರುತ್ತೇನೆ. ಆ್ಯಪ್ ಕೆಟ್ಟದ್ದಲ್ಲ. ಆದರೆ ಅದನ್ನು ರೂಮು ಹುಡುಕಲು ಇಟ್ಟುಕೊಳ್ಳಿ, ದುಡ್ಡು ಕಟ್ಟುವ ಮೊದಲು ಒಂದು ಫೋನ್ ಮಾಡಿ. ನಮ್ಮ ಲಾಡ್ಜಿನ ಲೆಕ್ಕ ಹೇಳುತ್ತೇನೆ. ಆ್ಯಪ್‌ನಲ್ಲಿ ಗಿರಾಕಿ 1,100 ಕಟ್ಟಿದರೆ ಕಮಿಷನ್ ಹೋಗಿ ನಮಗೆ ಬರುತ್ತಿದ್ದದ್ದು 850ರ ಹತ್ತಿರ, ಅದೂ ಕೆಲವು ದಿನ ಬಿಟ್ಟು. ಅದೇ ಗಿರಾಕಿ ಫೋನ್ ಮಾಡಿ 950ಕ್ಕೆ ಕೇಳಿದರೆ? ಅವನಿಗೆ 150 ಉಳಿಯಿತು, ನಮಗೆ 100 ಜಾಸ್ತಿ ಬಂತು. ಆದರೆ ಈ ಕಡಿಮೆ ರೇಟನ್ನು ಹೋಟೆಲಿನವರು ಬೇರೆ ಕಡೆ ಬರೆದು ಹಾಕಲು ಹೆದರುತ್ತಿದ್ದರು. ಎಲ್ಲ ಕಡೆ ಒಂದೇ ರೇಟು ಇರಬೇಕು ಅಂತ ಆ್ಯಪ್‌ನವರು ಕರಾರು ಹಾಕುತ್ತಿದ್ದರು. ಇಂಥ ಕರಾರಿಗೂ ಸೇರಿಸಿಯೇ 2022ರ ಅಕ್ಟೋಬರಿನಲ್ಲಿ, ವ್ಯಾಪಾರದ ಪೈಪೋಟಿ ನ್ಯಾಯವಾಗಿದೆಯಾ ಅಂತ ನೋಡುವ ಭಾರತೀಯ ಸ್ಪರ್ಧಾ ಆಯೋಗ ಒಂದು ದೊಡ್ಡ ಬುಕಿಂಗ್ ಗುಂಪಿಗೆ 223 ಕೋಟಿ ರೂಪಾಯಿ ದಂಡ ಹಾಕಿತ್ತು. ಕಡಿಮೆ ರೇಟನ್ನು ಹೋಟೆಲಿನವರು ಬರೆಯದಿದ್ದರೂ ಬಾಯಲ್ಲಿ ಹೇಳುತ್ತಾರೆ. ಹೋಟೆಲಿನ ಸ್ವಂತ ನಂಬರಿಗೆ ಮಾಡಿ, ‘ಆ್ಯಪ್‌ನ್ಯಾಗ ಇಷ್ಟ್ ತೋರಸಾಕತ್ತೈತಿ, ನಾ ನೇರ ಬಂದ್ರ ಎಷ್ಟ್ರೀ?’ ಅಂತ ಕೇಳಿ. ನಡುಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಮಾಡಿ. ಬೆಳಿಗ್ಗೆ ಚೆಕ್‌ಔಟ್ ಗಡಿಬಿಡಿ, ಸಂಜೆ ಚೆಕ್‌ಇನ್ ಗಡಿಬಿಡಿ. ಆ ಎರಡು ತಾಸು ಮ್ಯಾನೇಜರ್ ಫ್ಯಾನಿನ ಕೆಳಗೆ ಸುಮ್ನೆ ಕೂತಿರುತ್ತಾನೆ.

ಆ್ಯಪ್‌ನಲ್ಲೇ ಬುಕ್ ಮಾಡಿದರೂ ಹೋಟೆಲಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಬೇರೆ ಜಿಲ್ಲೆಯ ಒಂದು ಊರಿನಲ್ಲಿ ಪೂರ್ತಿ ದುಡ್ಡು ಕಟ್ಟಿ ರಾತ್ರಿ ಹನ್ನೊಂದಕ್ಕೆ ಹೋದರೆ, ‘ನಿಮ್ಮ ಬುಕಿಂಗ್ ನಮಗ ಬಂದಿಲ್ರೀ’ ಅಂದರು. ಫೋನ್ ತೋರಿಸಿದೆ. ‘ಅವರ ಕೂಡ ನಾವು ಬಿಟ್ಟು ಮೂರು ತಿಂಗಳಾತು’ ಅಂದರು. ಮತ್ತೆ ಕೈಯಿಂದ ದುಡ್ಡು ಕೊಟ್ಟು ಮಲಗಿದೆ. ಮೊದಲಿನ ದುಡ್ಡು ವಾಪಸ್ ಬರಲು ಹತ್ತೊಂಬತ್ತು ದಿನ ಹಿಡಿಯಿತು. ಕೌಂಟರಿನಲ್ಲಿ ಏಳು ವರ್ಷ ಕೂತವನಿಗೇ ಹೀಗಾಯಿತು!

ಬಿಲ್ಲಿನ ಬಗ್ಗೆ ಒಂದೆರಡು ಮಾತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5. ಮೊದಲು ಶೇ 12 ಇತ್ತು. ಸಾವಿರದ ರೂಮಿಗೆ 120 ಹೋಗುತ್ತಿದ್ದದ್ದು ಈಗ 50. ಇನ್ನೂ 12 ಅಂತ ಲೆಕ್ಕ ಹಾಕಿದರೆ ಕೇಳಿ. ಜಿಎಸ್‌ಟಿ ಹಿಡಿದರೆ ಬಿಲ್ಲಿನ ಮೇಲೆ 15 ಅಂಕಿ-ಅಕ್ಷರಗಳ ನಂಬರ್ ಇರಲೇಬೇಕು. ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ನಂಬರ್ ಇಲ್ಲದವರು ಜಿಎಸ್‌ಟಿ ಹೆಸರಲ್ಲಿ ಒಂದು ರೂಪಾಯಿಯನ್ನೂ ಕೇಳುವ ಹಾಗಿಲ್ಲ. ರೇಟು ಮಾತಾಡುವಾಗಲೇ ‘ಎಲ್ಲಾ ಸೇರಿ ಎಷ್ಟು?’ ಅಂದುಬಿಟ್ಟರೆ ಬೆಳಿಗ್ಗೆ ಜಗಳ ಇರಲ್ಲ. ಮೂರನೆಯವರಿಗೆ ಹೆಚ್ಚುವರಿ ಹಾಸಿಗೆಗೆ ಎಷ್ಟು ಅನ್ನೋದನ್ನೂ ಆಗಲೇ ಕೇಳಿ. ಅಲ್ಲಿ ಉಳಿಸಿದ್ದೆಲ್ಲ ಇಲ್ಲಿ ಹೋಗುತ್ತದೆ.

ದುಡ್ಡು ಕೊಡುವ ಮೊದಲು ರೂಮು ನೋಡಲೇಬೇಕು. ನಾಚಿಕೆ ಬೇಡ. ರೂಮ್ ಬಾಯ್ ಆಗಿದ್ದಾಗ ನಾನೇ ನೂರಾರು ಜನಕ್ಕೆ ತೋರಿಸಿದ್ದೇನೆ. ಹೆಚ್ಚಿನವರು ಟಿವಿ ಹಾಕಿ ನೋಡುತ್ತಾರೆ. ಟಿವಿ ಅಲ್ಲ, ನಳ ತಿರುಗಿಸಿ. ನಳದ ನೀರು ದಿನಾ ಬರದ ಊರು ನಮ್ಮದು. ಬೇಸಿಗೆಯಲ್ಲಿ ಟ್ಯಾಂಕರ್ ಬರೋವರೆಗೆ ಮೇಲಿನ ಮಹಡಿಯ ನಳ ಬರೀ ಗಾಳಿ ಬಿಡುತ್ತದೆ. ಫ್ಲಶ್ ಒತ್ತಿ. ಬಾಗಿಲು ಹಾಕಿ ಒಳಗಿನ ಚಿಲಕ ಪೂರ್ತಿ ಕೂರುತ್ತಾ ನೋಡಿ. ದಿಂಬು ಎತ್ತಿ ಹಾಸಿಗೆಯ ಹೊಲಿಗೆ ಅಂಚು ನೋಡಿ, ಕಪ್ಪು ಚುಕ್ಕಿ ಕಂಡರೆ ತಿಗಣೆ. ಆ ರೂಮು ಪುಕ್ಕಟೆ ಕೊಟ್ಟರೂ ಬೇಡ. ಚಾದರ ಮಡಿಕೆಯ ಗೆರೆ ಇಲ್ಲದಿದ್ದರೆ ತೊಳೆದದ್ದಲ್ಲ, ಕೊಡವಿ ಹಾಸಿದ್ದು. ನಾನೂ ಕೊಡವಿ ಹಾಸಿದ್ದೇನೆ, ಅದಕ್ಕೇ ಗೊತ್ತು. ಬದಲಿಸಲು ಹೇಳಿ, ಮರುಮಾತಿಲ್ಲದೆ ಬದಲಿಸುತ್ತಾರೆ. ಬಿಸಿನೀರು ಎಷ್ಟರಿಂದ ಎಷ್ಟರವರೆಗೆ ಅಂತಲೂ ಕೇಳಿ. ಆರರಿಂದ ಎಂಟು ಅಂದರೆ ಏಳೂಮುಕ್ಕಾಲಿಗೆ ಬರೋದು ಉಗುರು ಬೆಚ್ಚಗಿನ ನೀರು.

ನಮ್ಮ ಅಕ್ಕ ಮಗಳನ್ನು ಪರೀಕ್ಷೆಗೆ ಧಾರವಾಡಕ್ಕೆ ಕರೆದೊಯ್ಯುವಾಗ ಮೊದಲ ಮಹಡಿಯಲ್ಲಿ ಮೆಟ್ಟಿಲ ಹತ್ತಿರದ ರೂಮು ಕೇಳಿ ಹಿಡಿಯುತ್ತಾಳೆ. ನೂರು ಜಾಸ್ತಿ ಆದರೂ ಪರವಾಗಿಲ್ಲ ಅಂತಾಳೆ. ಅವಳದ್ದು ಸರಿ, ಅಲ್ಲಿ ನಾನು ಚೌಕಾಸಿ ಪಾಠ ಹೇಳಲು ಹೋಗಲ್ಲ. ಹೋದ ಸಲ ಅವಳೇ ಇನ್ನೊಂದು ದಾರಿ ಕಂಡುಹಿಡಿದಳು. ಕೋಚಿಂಗ್ ಸೆಂಟರುಗಳಿರುವ ಸಪ್ತಾಪುರದ ಕಡೆ ಹೆಣ್ಣುಮಕ್ಕಳ ಪಿಜಿಗಳಲ್ಲಿ ವಿಚಾರಿಸಿದಳು. ಊರಿಗೆ ಹೋದ ಹುಡುಗಿಯರ ಎರಡು ಕಾಟ್ ಖಾಲಿ ಇದ್ದವು. ಒಂದು ರಾತ್ರಿಗೆ ಊಟ ಸೇರಿ ಲಾಡ್ಜಿನ ಅರ್ಧಕ್ಕಿಂತ ಕಡಿಮೆಗೆ ಆಯಿತು. ಎಲ್ಲರೂ ಕೊಡಲ್ಲ. ಕೇಳಿ ನೋಡಬಹುದು.

ದವಾಖಾನೆಗೆ ಬಂದವರು ಮಾತ್ರ ದಿನದ ಲೆಕ್ಕದಲ್ಲಿ ರೂಮು ಹಿಡಿಯಬೇಡಿ. ವಿದ್ಯಾನಗರದ ಕಡೆ ಪೇಷಂಟಿನ ಜೊತೆ ಬಂದವರು ‘ಎರಡು ದಿನ ಅಷ್ಟೇ’ ಅಂತ ಹಿಡಿದು ಹತ್ತು ದಿನ ಪೂರ್ತಿ ರೇಟು ಕಟ್ಟೋದನ್ನು ನೋಡಿದ್ದೇನೆ. ಮೊದಲ ದಿನವೇ ‘ವಾರಕ್ಕೆ ಎಷ್ಟು?’ ಅಂತ ಕೇಳಿ. ಏಳು ದಿನಕ್ಕೆ ಐದು ದಿನದ ದುಡ್ಡು ನ್ಯಾಯವಾದ ರೇಟು. ಬೇಗ ಡಿಸ್ಚಾರ್ಜ್ ಆದರೆ ಉಳಿದದ್ದು ವಾಪಸ್ ಅಂತಲೂ ಮಾತಾಡಿಕೊಳ್ಳಿ. ರೋಗಿ ಇದ್ದಾರೆ ಅಂದರೆ ಎಂಥ ಮ್ಯಾನೇಜರನೂ ಸ್ವಲ್ಪ ಕರಗುತ್ತಾನೆ. ಸುಳ್ಳು ಹೇಳಿ ಕರಗಿಸಬೇಡಿ ಮಾತ್ರ. ದವಾಖಾನೆ ಚೀಟಿ ಕೇಳುವವರೂ ಇದ್ದಾರೆ, ನಾನೇ ಕೇಳುತ್ತಿದ್ದೆ.

ಗುರುತಿನ ಚೀಟಿ ಕೇಳುತ್ತಾರೆ, ಕೊಡಬೇಕು. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಕೊಂಡು ಅದರ ಜೆರಾಕ್ಸ್ ಕೊಡಿ. ಮೇಲೆ ಅಡ್ಡವಾಗಿ ತಾರೀಕು, ಲಾಡ್ಜಿನ ಹೆಸರು ಬರೆಯಿರಿ. ಡಿಪಾಸಿಟ್ ಕೊಟ್ಟಿದ್ದರೆ ರಶೀದಿಯಲ್ಲಿ ಬರೆಸಿ. ರಾತ್ರಿ ಪಾಳಿಯವನು ತೆಗೆದುಕೊಂಡದ್ದು ಬೆಳಿಗ್ಗೆ ಪಾಳಿಯವನಿಗೆ ಗೊತ್ತಿರಲ್ಲ.

ಬೆಳಿಗ್ಗೆ ಹೊರಡುವಾಗ ಮ್ಯಾನೇಜರನ ನಂಬರ್ ತೆಗೆದುಕೊಳ್ಳಿ, ಲಾಡ್ಜಿನದ್ದಲ್ಲ. ನನ್ನ ಫೋನಿನಲ್ಲಿ ಇಂಥ ಮೂವತ್ತು ನಂಬರುಗಳಿವೆ. ಹೆಸರಿನ ಜಾಗದಲ್ಲಿ ಹೀಗೆ ಬರೆದುಕೊಂಡಿದ್ದೇನೆ: ‘ಹಾವೇರಿ ಬಸ್ ಸ್ಟ್ಯಾಂಡ್ ಹಿಂದ, 650, 24 ತಾಸು, ಬಿಸಿನೀರು 6-8, 204 ಬ್ಯಾಡ, ಸೊಳ್ಳಿ’.